ತಿಮ್ಮರಾಜು ಸಾರ್ ಅವರ ಎಣ್ಣೆ ಭಾನುವಾರ

ತಿಮ್ಮರಾಜು ಸಾರ್ ಅವರ ಬಲಗೈ ಹೆಬ್ಬೆರಳು ನನಗೆ ತಿಳಿದಂತೆ ಒಂದು ದಿನವೂ ನಿಜ ಹೇಳಿದ್ದಿಲ್ಲ. ಅವರ ಕತ್ತಿನಲ್ಲಿ ಎರಡು ಸ್ಟಾಪ್‌ವಾಚು ನೇತಾಡುತ್ತಿದ್ದವು. ಒಂದು ಕೆಟ್ಟಿತ್ತು, ಇನ್ನೊಂದು ಅವರ ಹೆಬ್ಬೆರಳಿನ ಕೆಳಗಿತ್ತು. ನೂರು ಮೀಟರ್ ಆಚೆ ಸೀನಿಯರ್ ಹುಡುಗಿಯೊಬ್ಬಳು ಎರಡು ಹಲಗೆಗಳನ್ನು ತಲೆಯ ಮೇಲೆತ್ತಿ ಫಟ್ಟೆಂದು ಕೂಡಿಸಿದರೆ ಮಕ್ಕಳು ಹೊರಡಬೇಕು. ಹಲಗೆ ಕೂಡಿದ್ದು ಕಣ್ಣಿಗೆ ಕಂಡ ಕೂಡಲೇ ಓಟ ಮುಗಿಯುವ ಗೆರೆಯ ಹತ್ತಿರ ನಿಂತವರು ಗುಂಡಿ ಒತ್ತಬೇಕು. ಇದು ಲೋಕದ ಪದ್ಧತಿ. ಸಾರ್ ಮಾತ್ರ ಶಬ್ದ ಸಾವಕಾಶವಾಗಿ ನಡೆದುಕೊಂಡು ಬಂದು ಕಿವಿ ಮುಟ್ಟುವವರೆಗೆ ಕಾಯುತ್ತಿದ್ದರು. ಮಕ್ಕಳ ಎದೆ ಗೆರೆ ಮುಟ್ಟಲು ಇನ್ನೊಂದು ಹೆಜ್ಜೆ ಇದೆ ಎನ್ನುವಾಗಲೇ ನಿಲ್ಲಿಸಿಯೂ ಬಿಡುತ್ತಿದ್ದರು. ಕೇಳಿದರೆ, "ಎದೆ ಬರ್ತಾ ಇದೆ ಅಂತ ಕಾಣುತ್ತಲ್ಲ ಮೇಡಂ, ಇನ್ನೇನು ಕಾಯೋದು" ಎನ್ನುತ್ತಿದ್ದರು. ಹೀಗೆ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಕತ್ತರಿಸಿ ಅವರು ಘೋಷಿಸುತ್ತಿದ್ದ ಟೈಮಿಂಗ್ ಕೇಳಿ ನಾವು ಹೆತ್ತವರು ಮೈದಾನದ ಮೆಟ್ಟಿಲ ಮೇಲೆ ಕೂತಲ್ಲೇ ಉಬ್ಬಿಹೋಗುತ್ತಿದ್ದೆವು. ಫ್ಲಾಸ್ಕಿನ ಕಾಫಿ ಪರಸ್ಪರ ಹಂಚಿಕೊಳ್ಳುತ್ತಿದ್ದೆವು. ಅಷ್ಟು ಧಾರಾಳತನ ನಮಗೆ ಬೇರೆ ಯಾವ ಹೊತ್ತಿನಲ್ಲೂ ಬರುತ್ತಿರಲಿಲ್ಲ.

ನಾನು ಚಿಂತೆ ಮಾಡುವುದರಲ್ಲಿ ನುರಿತವಳು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ಬಸವೇಶ್ವರನಗರದ ಮನೆಗೆ ಮರಳಿ, ಆಫ್ ಆಗಿರುವುದನ್ನು ನೋಡಿ, ಮುಟ್ಟಿ, ಮತ್ತೆ ಬಸ್ ಹಿಡಿದು ವಿಮಾ ಕಚೇರಿಗೆ ತಡವಾಗಿ ಹೋಗಿ ಬೈಸಿಕೊಂಡವಳು. ಮಗಳು ಚಂದನ ಸೀನಿದರೆ ಇಂಟರ್‌ನೆಟ್ಟಿನಲ್ಲಿ ರೋಗದ ಹೆಸರು ಹುಡುಕುವವಳು. ಇಂಥ ನಾನು ಅವಳ ಎರಡು ಕಾಲುಗಳನ್ನು ಮೂರು ವರ್ಷ ಈ ಮನುಷ್ಯನ ಸುಪರ್ದಿಗೆ ಕೊಟ್ಟಿದ್ದೆ ಎಂದರೆ ಈಗ ನನಗೇ ನಂಬಿಕೆ ಬರುವುದಿಲ್ಲ. ಕಾರಣವೊಂದೇ. ಅವರಿಗೆ ಯಾವುದರ ಬಗ್ಗೆಯೂ ಅನುಮಾನವೇ ಇರಲಿಲ್ಲ. ನನ್ನಂಥವರಿಗೆ ಅನುಮಾನವಿಲ್ಲದವರನ್ನು ಕಂಡರೆ ಬಿಸಿಲಲ್ಲಿ ಬಂದವರಿಗೆ ಫ್ಯಾನ್ ಕಂಡ ಹಾಗಾಗುತ್ತದೆ. ಹೋಗಿ ಕೆಳಗೆ ಕೂತುಬಿಡುತ್ತೇವೆ.

ಚಂದ್ರಾ ಲೇಔಟಿನ ಆಚೆ ಒಂದು ಮಣ್ಣಿನ ಮೈದಾನ. ಸಾರ್ ಅವರ ಅಜ್ಜ ರಾಗಿ ಬಿತ್ತುತ್ತಿದ್ದ ಹೊಲ ಅದರ ಪಕ್ಕದಲ್ಲೇ ಇತ್ತಂತೆ. ಈಗ ಅಲ್ಲಿ ಸಾರ್ ಅವರ ನಾಲ್ಕು ಅಂತಸ್ತಿನ ಮನೆ, ಅದರ ತುಂಬ ಬಾಡಿಗೆದಾರರು. ಹೀಗಾಗಿ ಕೆಲಸವೆನ್ನುವುದು ಅವರಿಗೆ ಇರಲಿಲ್ಲ. ಕೋಚಿಂಗ್ ಎನ್ನುವುದು ಇತ್ತು. ಬೆನ್ನ ಮೇಲೆ ದೇಶದ ಹೆಸರು ದೊಡ್ಡದಾಗಿ ಬರೆದ ನೀಲಿ ಟ್ರ್ಯಾಕ್‌ಸೂಟ್ ತೊಟ್ಟು ಬೆಳಿಗ್ಗೆ ಐದೂವರೆಗೆಲ್ಲ ಹಾಜರು. ಅಂಥದ್ದನ್ನು ವಿಜಯನಗರದ ಯಾವುದೇ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು ಎಂದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅವರು ದೇಶಕ್ಕಾಗಿ ಎಲ್ಲಿಯೋ ಓಡಿದ್ದಾರೆಂದೇ ಭಾವಿಸಿದ್ದೆ. ಎಲ್ಲಿ ಎಂದು ಕೇಳುವುದು ಸಭ್ಯತೆಯಲ್ಲ ಎಂದುಕೊಂಡಿದ್ದೆ.

ಅವರ ತರಬೇತಿಗೆ ಸಿದ್ಧಾಂತವಿತ್ತು. ಸಿದ್ಧಾಂತ ಎಂದರೆ, ಇನ್ನೊಂದು ಸಲ ಓಡು. ಮಗು ಚೆನ್ನಾಗಿ ಓಡಿದರೆ ಅದನ್ನು ಉಳಿಸಿಕೊಳ್ಳಲು ಇನ್ನೊಂದು ಸಲ. ಕೆಟ್ಟದಾಗಿ ಓಡಿದರೆ ಸರಿಮಾಡಿಕೊಳ್ಳಲು ಇನ್ನೊಂದು ಸಲ. ನೂರು ಮೀಟರ್ ಓಡುವವರು ಒಂದು ಪೂರ್ತಿ ವೇಗದ ಓಟದ ಬಳಿಕ ಐದಾರು ನಿಮಿಷ ಸುಧಾರಿಸಿಕೊಳ್ಳಬೇಕು, ವಾರಕ್ಕೊಂದು ದಿನವಾದರೂ ಕಾಲಿಗೆ ಬಿಡುವು ಬೇಕು ಎಂದು ನಾನು ಎಲ್ಲೋ ಓದಿ, ಭಯಭಕ್ತಿಯಿಂದ ಒಮ್ಮೆ ಅವರ ಗಮನಕ್ಕೆ ತಂದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು.

"ರೆಸ್ಟ್ ಅನ್ನೋದು ಕಾಯಿಲೆ ಮೇಡಂ. ಅಂಟುತ್ತೆ. ಒಂದು ಹುಡುಗಿಗೆ ಕೊಟ್ರೆ ನಾಳೆ ಇಡೀ ಗ್ರೌಂಡಿಗೆ ಬರುತ್ತೆ."

ಮೆಟ್ಟಿಲ ಮೇಲಿದ್ದ ಉಳಿದ ತಾಯಂದಿರು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಸಾರ್ ದಣಿವಿಗೆ ಬಿಡುವು ಕೊಡುತ್ತಿರಲಿಲ್ಲವೇ ಹೊರತು ಚಿಕಿತ್ಸೆ ಧಾರಾಳವಾಗಿ ಕೊಡುತ್ತಿದ್ದರು. ಹೊರದೇಶದ ಓಟಗಾರರು ಮಂಜುಗಡ್ಡೆಯ ನೀರಿನಲ್ಲಿ ಕೂರುವ ವಿಡಿಯೋ ಒಂದು ಅವರ ಫೋನಿಗೆ ಬಂದದ್ದೇ ತಡ, ಮೈದಾನಕ್ಕೆ ಒಂದು ನೀಲಿ ಡ್ರಮ್ ಬಂತು. ಪ್ರತಿ ಶನಿವಾರ ಮಕ್ಕಳು ಒಬ್ಬೊಬ್ಬರಾಗಿ ಅದರೊಳಗೆ ಸೊಂಟದವರೆಗೆ ಇಳಿದು, ಸಾರ್ ಹೊರಬರಲು ಹೇಳುವವರೆಗೆ ಹಲ್ಲು ಕಟಕಟ ಎನ್ನಿಸುತ್ತ ನಿಲ್ಲಬೇಕು. ಸಾರ್ ಅವರ ಫೋನಿಗೆ ಕರೆ ಬಂದರೆ ಒಳಗಿದ್ದವರಿಗೆ ದೇವರೇ ಗತಿ. ಮಂಜುಗಡ್ಡೆ ಎಲ್ಲಿಂದ ಬರುತ್ತದೆಂದು ಯಾರೂ ಕೇಳಿರಲಿಲ್ಲ. ಒಂದು ಶನಿವಾರ ಚಂದನ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ, ಹೊಸ್ತಿಲ ಬಳಿ ಬತ್ತಿ ಹೊಸೆಯುತ್ತ ಕೂತಿದ್ದ ನಮ್ಮತ್ತೆ ಮೂಗೆತ್ತಿ ಗಾಳಿ ಹಿಡಿದರು. ನಮ್ಮದು ದಾವಣಗೆರೆ ಕಡೆಯ ಲಿಂಗಾಯತರ ಮನೆ. ಸಾರ್ ಅವರ ಅಪ್ಪಣೆಯಂತೆ ಮಗಳಿಗೆ ಮೊಟ್ಟೆ ಬೇಯಿಸಬೇಕಾದಾಗ ನಾನು ಟೆರೇಸಿನ ಮೇಲೆ, ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಂಡು ಕಳ್ಳಭಟ್ಟಿ ಇಳಿಸುವವಳ ಹಾಗೆ ಬೇಯಿಸುತ್ತಿದ್ದೆ. ಅತ್ತೆ ಮೊಮ್ಮಗಳ ಕಾಲನ್ನು ಮೂಸಿ ನೋಡಿ, "ಇದು ಮೀನು" ಎಂದು ತೀರ್ಪು ಕೊಟ್ಟರು. ಮೀನಂಗಡಿಯಲ್ಲಿ ಸರಕಿನ ಮೇಲೆ ಹರಡಿ ಮಿಕ್ಕಿದ ಮಂಜುಗಡ್ಡೆಯನ್ನು ಸಾರ್ ಮೂರು ತಿಂಗಳಿಂದ ಗೋಣಿಯಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ವಿಚಾರಿಸಿದಾಗ ಅವರು ಒಂದಿಷ್ಟೂ ತಡವರಿಸಲಿಲ್ಲ. ಮೀನಿನ ಸತ್ವ ಚರ್ಮದ ಮೂಲಕ ಹೋದರೆ ಒಳ್ಳೆಯದೇ, ತಿಂದ ಪಾಪವೂ ಇಲ್ಲ ಎಂದರು. ನಾನು ಮನೆಗೆ ಬಂದು ಅತ್ತೆಗೆ ಇದನ್ನು ಹೆಚ್ಚುಕಡಿಮೆ ಅವರದೇ ಮಾತುಗಳಲ್ಲಿ ಒಪ್ಪಿಸಿದೆ. ಅತ್ತೆ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ.

ಶನಿವಾರದ ಡ್ರಮ್ಮಿಗಿಂತ ದೊಡ್ಡ ಆಚರಣೆ ಭಾನುವಾರದ ಎಣ್ಣೆ. ಕೆಂಗೇರಿಯಲ್ಲಿರುವ ಅವರ ಭಾವಮೈದುನ ಯಾವುದೋ ಬೇರು ಹಾಕಿ ಕಾಯಿಸಿದ ಕಪ್ಪು ಎಣ್ಣೆ ಹಳೆಯ ಜ್ಯೂಸ್ ಬಾಟಲಿಗಳಲ್ಲಿ ಬರುತ್ತಿತ್ತು. ಹೆಣ್ಣುಮಕ್ಕಳ ಕಾಲಿಗೆ ತಾವು ಕೈ ಹಾಕಬಾರದೆಂಬ ಮರ್ಯಾದೆ ಸಾರ್ ಅವರಿಗಿತ್ತು. ಇದೊಂದನ್ನು ನಾನು ಒಪ್ಪಬೇಕು. ಆದ್ದರಿಂದ ತಿಕ್ಕುವ ಕೆಲಸ ತಾಯಂದಿರದು. ಭಾನುವಾರ ಏಳಕ್ಕೆ ನಾವು ಹನ್ನೆರಡು ಜನ ಮೆಟ್ಟಿಲುದ್ದಕ್ಕೂ ಕಾಲು ನೀಡಿ ಕೂರುತ್ತಿದ್ದೆವು. ಮಕ್ಕಳು ಬೋರಲಾಗಿ ನಮ್ಮ ತೊಡೆಗಳ ಮೇಲೆ ಕಾಲು ಚಾಚುತ್ತಿದ್ದರು. ಮಧ್ಯದಲ್ಲಿ ಪಂಪ್ ಸ್ಟೌವ್ ಮೇಲೆ ಎಣ್ಣೆ ಬಿಸಿಯಾಗುತ್ತಿತ್ತು. ಸಾರ್ ವಿಷಲ್ ಊದಿ ಎಣಿಸಲು ಶುರು ಮಾಡಿದರೆ ಒಂದು ಎಂದಾಗ ಮೇಲಕ್ಕೆ, ಎರಡು ಎಂದಾಗ ಕೆಳಕ್ಕೆ, ಹನ್ನೆರಡು ಜೊತೆ ಕೈಗಳು ಒಟ್ಟಿಗೆ ಚಲಿಸಬೇಕು. ಮಗುವಿಗೆ ನೋವಾದರೆ ಇನ್ನೂ ಜೋರಾಗಿ. ಕಣ್ಣಲ್ಲಿ ನೀರು ಬಂದರೆ ಒಳಗಿನ ಕೆಟ್ಟದ್ದು ಹೊರಗೆ ಬರುತ್ತಿದೆ ಎಂದರ್ಥ. ರಸ್ತೆಯಲ್ಲಿ ವಾಕಿಂಗ್ ಹೋಗುವವರು ಬೇಲಿಯ ಆಚೆ ನಿಂತು ನೋಡುತ್ತಿದ್ದರು. ನಾವು ಯಾವುದೋ ಪಂಥಕ್ಕೆ ಸೇರಿದವರಿರಬೇಕು ಎಂದುಕೊಂಡಿದ್ದರೆ ಅವರದೇನೂ ತಪ್ಪಿಲ್ಲ.

ಹೆಬ್ಬೆರಳಿನ ಸತ್ಯ ಹೊರಬಿದ್ದದ್ದು ಎರಡನೆಯ ವರ್ಷ, ಮಕ್ಕಳನ್ನು ಮೊದಲ ಸಲ ಸಿಂಥೆಟಿಕ್ ಟ್ರ್ಯಾಕಿನ ಕ್ರೀಡಾಕೂಟವೊಂದಕ್ಕೆ ಕರೆದುಕೊಂಡು ಹೋದಾಗ. ಅಲ್ಲಿ ಟೈಮ್ ಹಿಡಿಯುತ್ತಿದ್ದದ್ದು ಯಂತ್ರ. ಸಾರ್ ಅವರ ಲೆಕ್ಕದಲ್ಲಿ ಹನ್ನೆರಡೂವರೆ ಸೆಕೆಂಡಿನೊಳಗೆ ಓಡುತ್ತಿದ್ದ ಚಂದನ ಬೋರ್ಡಿನಲ್ಲಿ ಹದಿಮೂರು ದಾಟಿದ್ದಳು. ನಮ್ಮ ಮೈದಾನದ ಹನ್ನೆರಡೂ ಮಕ್ಕಳು ಒಂದೇ ದಿನ, ಒಂದೇ ಗಂಟೆಯಲ್ಲಿ, ಅಷ್ಟಷ್ಟೇ ನಿಧಾನವಾಗಿಬಿಟ್ಟಿದ್ದರು. ಯಾರಿಗಾದರೂ ಸಂಶಯ ಬರಬೇಕಾಗಿತ್ತು. ಸಾರ್ ನಮ್ಮನ್ನೆಲ್ಲ ಗ್ಯಾಲರಿಯ ಕೆಳಗೆ ಸೇರಿಸಿ, ಮಕ್ಕಳು ಆ ಮಿಷನ್ನಿಗೆ ಹೊಸಬರು, ಅದನ್ನು ನೋಡಿ ಗಾಬರಿಯಾಗಿದ್ದಾರೆ ಎಂದು ವಿವರಿಸಿದರು. ಮಿಷನ್ ಇದ್ದದ್ದು ಓಟ ಮುಗಿಯುವ ಗೆರೆಯ ಪಕ್ಕದ ಕಂಬದ ಮೇಲೆ. ಓಡುವವರಿಗೆ ಅದು ಕಾಣುತ್ತಲೂ ಇರಲಿಲ್ಲ. ನಾವು ತಲೆಯಾಡಿಸಿದೆವು.

ಬಿಟ್ಟು ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಯಜಮಾನರೂ ಕೇಳಿದರು. ಬಿಡದೆ ಇದ್ದದ್ದಕ್ಕೆ ಒಂದು ನಿಜವಾದ ಕಾರಣವೂ ಇತ್ತು. ಓಟ ಹೊರಡುವ ಮೊದಲ ಮೂರು ಹೆಜ್ಜೆಗಳ ವಿಷಯದಲ್ಲಿ ಈ ಮನುಷ್ಯನಿಗೆ ದೇವರು ಕಣ್ಣು ಕೊಟ್ಟಿದ್ದ. ಹೊರಡುವಾಗ ಪಾದ ಒತ್ತಿಕೊಳ್ಳುವ ಬ್ಲಾಕಿನಲ್ಲಿ ಕಾಲೂರಿ ಬಗ್ಗಿದ ಹುಡುಗಿಯನ್ನು ಪಕ್ಕದಿಂದ ಒಂದು ಸಲ ನೋಡಿ, ಹಿಂದಿನ ಪಾದವನ್ನು ಎರಡು ಬೆರಳು ಮುಂದಕ್ಕೆ ತರಿಸುತ್ತಿದ್ದರು. ಅಷ್ಟೇ. ಹುಡುಗಿ ಬೇರೆಯೇ ಹುಡುಗಿಯಾಗಿ ಹೊರಡುತ್ತಿದ್ದಳು. ಮೂರನೆಯ ವರ್ಷದ ಹೊತ್ತಿಗೆ ಚಂದನ ಯಂತ್ರದ ಲೆಕ್ಕದಲ್ಲಿಯೇ ಚೆನ್ನಾಗಿ ಓಡತೊಡಗಿದ್ದಳು. ರಾಜ್ಯದ ಜೂನಿಯರ್ ರಿಲೇ ತಂಡಕ್ಕೆ ಒಂದು ಜಾಗ ಖಾಲಿ ಇತ್ತು. ಆಯ್ಕೆಯ ಓಟಕ್ಕೆ ಮೂರು ವಾರ. ಆ ವಯಸ್ಸಿನ ಗುಂಪಿನಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ನಿದ್ದೆಯಲ್ಲಿ ಬ್ಯಾಟನ್ ಇಸಿದುಕೊಳ್ಳುವ ಹಾಗೆ ಅವಳ ಕೈ ಹಿಂದಕ್ಕೆ ಚಾಚುತ್ತಿತ್ತು. ನಾನು ಅದನ್ನು ನೋಡಿ, ಇದೇನಾದರೂ ನರದ ಕಾಯಿಲೆಯೇ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದೆ.

ಆ ಮಂಗಳವಾರ ಐದು ಓಟಗಳಾಗಿದ್ದವು. ಹಿಂದಿನ ದಿನವೂ ಐದಾಗಿದ್ದವು. ಚಂದನ ತೊಡೆಯ ಹಿಂಭಾಗ ಹಿಡಿದುಕೊಂಡು ಸಾರ್ ಹತ್ತಿರ ಬಂದಳು. ಎಳೆಯುತ್ತಿದೆ, ಇವತ್ತಿಗೆ ಸಾಕು ಅನ್ನಿಸುತ್ತಿದೆ ಎಂದಳು.

"ಎಳೀಲಿ ಮಗಳೇ. ಎಳೀದೆ ಕಾಲು ಹೆಂಗೆ ಉದ್ದ ಆಗುತ್ತೆ? ಇನ್ನೊಂದು ಹೊಡಿ" ಎಂದರು ಸಾರ್.

ಅವಳು ನನ್ನತ್ತ ನೋಡಿದಳು. ನಾನು ಸಾರ್ ಅವರತ್ತ ನೋಡಿದೆ. ಆರನೆಯ ಓಟದಲ್ಲಿ ಅರವತ್ತು ಮೀಟರಿನ ಹತ್ತಿರ, ಹಿಂದಿನಿಂದ ಯಾರೋ ಕಲ್ಲಿನಿಂದ ಹೊಡೆದ ಹಾಗೆ ಅವಳ ಕೈ ತೊಡೆಗೆ ಹೋಯಿತು. ಒಂಟಿ ಕಾಲಲ್ಲಿ ನಾಲ್ಕು ಸಲ ಕುಪ್ಪಳಿಸಿ ಮಣ್ಣಿನ ಮೇಲೆ ಬಿದ್ದಳು.

ಭಾನುವಾರಕ್ಕೆ ಕಾಯದೆ ಸಾರ್ ಅಂದೇ ಸ್ಟೌವ್ ಹಚ್ಚಿಸಿದರು. ಬಿಸಿ ಇರುವಾಗಲೇ ಗಂಟು ಒಡೆಯಬೇಕಂತೆ. ಮೆಟ್ಟಿಲ ಮೇಲೆ ನನ್ನ ತೊಡೆಯ ಮೇಲೆ ಅವಳ ಕಾಲು. ಸಾರ್ ಎಣಿಸಿದರು, ನಾನು ತಿಕ್ಕಿದೆ. ಅವಳು ಮೆಟ್ಟಿಲಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಸಾರ್ ಇನ್ನೂ ಜೋರು ಎಂದರು. ಇನ್ನೂ ಜೋರಾಗಿ ತಿಕ್ಕಿದೆ. ಮರುದಿನ ಬೆಳಿಗ್ಗೆ ಮತ್ತೆ, ಸಂಜೆ ಮತ್ತೆ. ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ಮುಟ್ಟಿ ನೋಡುವ ಈ ಕೈಗಳು ಆ ಎರಡು ದಿನ ಒಂದು ಸಲವೂ ಹಿಂಜರಿಯಲಿಲ್ಲ. ಮೂರನೆಯ ದಿನ ಅವಳ ತೊಡೆಯ ಹಿಂಭಾಗದಿಂದ ಮೊಣಕಾಲಿನ ಮಡಿಕೆಯವರೆಗೆ ಬದನೆಕಾಯಿಯ ಬಣ್ಣ ಇಳಿದಿತ್ತು. ಸಾರ್‌ಗೆ ಫೋಟೋ ಕಳಿಸಿದೆ. ಅವರು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದರು. ಕೆಟ್ಟದ್ದು ಹೊರಗೆ ಬರುತ್ತಿದೆ ಎಂದು.

ವಿಜಯನಗರದ ಫಿಸಿಯೋಥೆರಪಿಸ್ಟ್ ಹತ್ತಿರ ಅವಳನ್ನು ಕರೆದುಕೊಂಡು ಹೋದದ್ದು ನಮ್ಮ ಯಜಮಾನರು. ಅವರ ಹಿಂದೆ ನಾನು ಹೋದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗಿ, ಶ್ರುತಿ ಎಂದು ಹೆಸರು. ಕಾಲನ್ನು ಹಕ್ಕಿಮರಿಯ ಹಾಗೆ ಹಿಡಿದು ನೋಡಿದಳು. ಸ್ನಾಯುವಿನ ನಾರು ಹರಿದಿದೆ, ಸಣ್ಣದಾಗಿ ಹರಿದದ್ದು ಆಮೇಲೆ ದೊಡ್ಡದಾಗಿದೆ, ಒಳಗೆ ರಕ್ತ ಕಟ್ಟಿದೆ ಎಂದಳು. ಹೊಸ ಗಾಯಕ್ಕೆ ಮೊದಲ ದಿನಗಳಲ್ಲಿ ಶಾಖವಿಲ್ಲ, ಮಾಲೀಶಿಲ್ಲ. ಪಟ್ಟಿ ಸುತ್ತಿ ಸುಮ್ಮನೆ ಬಿಡಬೇಕಿತ್ತು ಎಂದಳು. ಕೊನೆಗೆ ಕೇಳಿದಳು.

"ಇದನ್ನ ತಿಕ್ಕಿದ್ದು ಯಾರು?"

"ನಾನು" ಎಂದೆ.

ಅವಳು ಬರೆಯುತ್ತಿದ್ದವಳು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ಬರೆದಳು. ಏನು ಬರೆದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಯ್ಕೆಯ ಓಟದ ದಿನ ಚಂದನ ಮನೆಯಲ್ಲಿ ಮಂಚದ ಮೇಲಿದ್ದಳು. ಖಾಲಿಯಿದ್ದ ಜಾಗಕ್ಕೆ ಯಾರೋ ಬಂದರು. ಅವಳು ಅಳುತ್ತಾಳೆಂದು ನಾನು ಬೆಳಗಿನಿಂದ ಸಿದ್ಧವಾಗಿದ್ದೆ, ಹೇಳಲು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವಳು ಅಳಲಿಲ್ಲ. ಸಂಜೆ ನಾನು ಹಾಲು ತಂದುಕೊಟ್ಟಾಗ ಲೋಟ ತೆಗೆದುಕೊಂಡು, ಗೋಡೆ ನೋಡುತ್ತ ಹೇಳಿದಳು.

"ಅವತ್ತು ನಾನು ನಿನ್ ಮುಖಾನೇ ನೋಡ್ತಾ ಇದ್ದೆ ಅಮ್ಮ. ನೀನು ಸಾರ್ ಮುಖ ನೋಡ್ತಾ ಇದ್ದೆ."

ಮಾರನೆಯ ದಿನ ಕಚೇರಿಗೆ ರಜೆ ಹಾಕಿ ಮೈದಾನಕ್ಕೆ ಹೋದೆ. ದಾರಿಯುದ್ದಕ್ಕೂ ಬೈಗುಳದ ಭಾಷಣವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದರಲ್ಲಿ ನೀವು ಎನ್ನುವ ಕಡೆಗಳಲ್ಲೆಲ್ಲ ನೀನು ಎಂದು ತಿದ್ದಿಯೂ ಇದ್ದೆ. ಸಾರ್ ಕಲ್ಲುಬೆಂಚಿನ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ನಾನು ಕೂತುಬಿಟ್ಟೆ. ಅಲ್ಲಿಗೆ ಅರ್ಧ ಯುದ್ಧ ಸೋತಂತಾಯಿತು. ಫಿಸಿಯೋ ಹೇಳಿದ್ದನ್ನು ಹೇಳಿದೆ, ಚೀಟಿ ತೋರಿಸಿದೆ. ಅವರು ಅದನ್ನು ಓದದೆ ಮಡಚಿ ಹಿಂದಕ್ಕೆ ಕೊಟ್ಟರು.

"ನಾನು ಅವತ್ತೇ ನೋಡ್ದೆ ಮೇಡಂ. ಹೇಳ್ಬಾರ್ದು ಅಂತ ಸುಮ್ನಿದ್ದೆ. ನಿಮ್ ಕೈಲಿ ಬಲ ಸಾಲ್ಲಿಲ್ಲ."

ನಾನು ಚೀಟಿಯನ್ನು ಇನ್ನೂ ಸಣ್ಣದಾಗಿ ಮಡಚತೊಡಗಿದೆ. ಅದನ್ನು ಅವರು ಪಶ್ಚಾತ್ತಾಪವೆಂದು ತಿಳಿದರೋ ಏನೋ, ದನಿ ತಗ್ಗಿಸಿ ಸಮಾಧಾನಕ್ಕಿಳಿದರು. ಇಡ್ಲಿಯ ಪೊಟ್ಟಣ ಪಕ್ಕಕ್ಕಿಟ್ಟು ಟ್ರ್ಯಾಕ್‌ಸೂಟಿನ ಮೇಲೆಯೇ ತಮ್ಮ ಎಡತೊಡೆಯ ಹಿಂಭಾಗವನ್ನು ಒತ್ತಿ ತೋರಿಸಿದರು. ಬಟ್ಟೆ ಒಳಕ್ಕೆ ಹೋಯಿತು. ಅಲ್ಲಿ ಒಂದು ತಗ್ಗಿತ್ತು; ಒಂದು ನಿಂಬೆಹಣ್ಣು ಇಡಬಹುದಾದಷ್ಟು.

"ನಂದೂ ಹಿಂಗೇ ಆಗಿತ್ತು. ಹತ್ತೊಂಬತ್ತು ವಯಸ್ಸು. ನಮ್ ಮಾಸ್ಟ್ರು ಬಿಡ್ಲಿಲ್ಲ, ಎಂಟು ದಿನ ನಮ್ಮಣ್ಣನ ಕೈಲಿ ತಿಕ್ಸಿದ್ರು. ಆ ಥರ ತಿಕ್ಬೇಕು."

"ಆಮೇಲೆ ಸರಿಹೋಯ್ತಾ ಸಾರ್?"

"ಆಮೇಲೆ ನಾನು ಕೋಚ್ ಆದೆ" ಎಂದರು.

ಅದನ್ನು ಅವರು ಸೋಲೆಂದು ಹೇಳಲಿಲ್ಲ, ಬಡ್ತಿಯೆಂದು ಹೇಳಿದರು. ನನಗೆ ಒಂದು ಕ್ಷಣ ಮರುಕ ಹುಟ್ಟಿತು. ಹುಟ್ಟಿದ್ದಕ್ಕೆ ಸಿಟ್ಟೂ ಬಂತು. ಆ ತಗ್ಗನ್ನು ಮೂವತ್ತು ವರ್ಷ ಮೈಯಲ್ಲೇ ಹೊತ್ತು ತಿರುಗಿಯೂ ಅದರೊಳಗೆ ಏನು ಕಾಣೆಯಾಗಿದೆ ಎಂದು ಒಂದು ದಿನವೂ ಬೆರಳಿಟ್ಟು ಯೋಚಿಸದ ಮನುಷ್ಯನಿಗೆ ಮರುಕ ಯಾಕೆ? ಇಷ್ಟೆಲ್ಲ ಮನಸ್ಸಿನಲ್ಲಿ ಅಂದುಕೊಂಡು ಬಾಯಲ್ಲಿ ನಾನು ಹೇಳಿದ್ದು, "ಸರಿ ಸಾರ್, ಬರ್ತೀನಿ." ಅವರು, ಹುಷಾರಾದ ಮೇಲೆ ಕಳಿಸಿ ಎಂದು ಹೇಳಿ ಇಡ್ಲಿ ಮುಂದುವರಿಸಿದರು.

ಕಳಿಸಲಿಲ್ಲ. ಆಮೇಲಿನ ನಾಲ್ಕು ತಿಂಗಳು ನಮ್ಮ ಹಾಲೇ ಮೈದಾನ. ಶ್ರುತಿಯ ವಿಧಾನದಲ್ಲಿ ನೋಡುವವರಿಗೆ ಏನೂ ಇರಲಿಲ್ಲ. ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು, ಇಳಿಸುವುದು. ಹದಿನೈದು ದಿನವಾದ ಮೇಲೆ ಅದನ್ನೇ ಒಂಟಿ ಕಾಲಿನಲ್ಲಿ. ನೋವು ಎಷ್ಟೆಂದು ಪ್ರತಿದಿನ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕೆ ಕೊಡಬೇಕು. ಅಂಕೆ ಏರಿದರೆ ಆ ದಿನ ಅಲ್ಲಿಗೇ ನಿಲ್ಲಿಸಬೇಕು, ಅದು ಸೋಮಾರಿತನವಲ್ಲ. ಒಂಬತ್ತು ಗಂಟೆ ನಿದ್ದೆ ಮಾಡಬೇಕು, ಅದೂ ಸೋಮಾರಿತನವಲ್ಲ. ಕೊನೆಗೆ ಬಂದದ್ದು ಮಂಡಿಯೂರಿ ನಿಂತು ಮೈಯನ್ನು ನೇರವಾಗಿಟ್ಟುಕೊಂಡು, ಮುಂದಕ್ಕೆ ಸಾಧ್ಯವಾದಷ್ಟು ನಿಧಾನವಾಗಿ ಬಾಗುವುದು. ಅದಕ್ಕೆ ಹಿಂದಿನಿಂದ ಯಾರಾದರೂ ಹಿಮ್ಮಡಿ ಒತ್ತಿ ಹಿಡಿಯಬೇಕು. ಹಿಡಿಯುವವಳು ನಾನು. ಮೊದಲ ದಿನ ಅವಳು, "ಅಮ್ಮ, ಹಿಡ್ಕೋ ಅಷ್ಟೆ, ಬೇರೇನೂ ಮಾಡ್ಬೇಡ" ಎಂದಳು. ಬೇರೇನೂ ಮಾಡದೆ ಇರುವುದು ನನಗೆ ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು.

ಅವಳೀಗ ರಾಜರಾಜೇಶ್ವರಿನಗರದ ಕಡೆ ಇರುವ ತನ್ನ ಕಾಲೇಜಿನ ಪರವಾಗಿ ಓಡುತ್ತಾಳೆ. ರಾಜ್ಯದ ತಂಡದ ಮಾತು ಮನೆಯಲ್ಲಿ ಬರುವುದಿಲ್ಲ. ಮೊದಲ ಮೂರು ಹೆಜ್ಜೆ ಇಂದಿಗೂ ಚೆಂದ. ಅರವತ್ತು ಮೀಟರ್ ಹತ್ತಿರ ಬಂದಾಗ ಕಾಲು ಒಂದು ಚೂರು ಯೋಚನೆ ಮಾಡುತ್ತದೆ, ಅದು ನನಗೆ ಮಾತ್ರ ಕಾಣುತ್ತದೆ ಎಂದುಕೊಂಡಿದ್ದೆ. ಅವಳಿಗೂ ಗೊತ್ತಿದೆಯಂತೆ.

ಸಾರ್ ಅವರನ್ನು ನಾನು ಕೊನೆಯ ಸಲ ನೋಡಿದ್ದು ಕಳೆದ ವರ್ಷ ಒಂದು ಭಾನುವಾರ. ಚಂದ್ರಾ ಲೇಔಟಿನಲ್ಲಿರುವ ಸಂಬಂಧಿಕರ ಮನೆಯ ಗೃಹಪ್ರವೇಶಕ್ಕೆ ರೇಷ್ಮೆ ಸೀರೆ ಉಟ್ಟು ಹೊರಟಿದ್ದೆ. ಆಟೋ ಮೈದಾನದ ಬೇಲಿಯ ಪಕ್ಕ ಸಿಗ್ನಲ್ಲಿಗೆ ನಿಂತಿತು. ವಿಷಲ್ ಕೇಳಿಸಿತು. ಮೆಟ್ಟಿಲ ಮೇಲೆ ಹೊಸ ತಾಯಂದಿರ ಸಾಲು. ತುದಿಯಲ್ಲಿ ಒಬ್ಬ ಹುಡುಗಿ ಮುಖವನ್ನು ತೋಳಿನಲ್ಲಿ ಒತ್ತಿಕೊಂಡು ಮಲಗಿದ್ದಳು. ಅವಳ ತಾಯಿ, ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡ ಗಟ್ಟಿಮುಟ್ಟಾದ ಹೆಂಗಸು, ಎಣ್ಣೆಗೆ ಕೈ ಅದ್ದುತ್ತಿದ್ದಳು. ಗೃಹಪ್ರವೇಶಕ್ಕೆ ಹೊತ್ತಾಗಿದೆ, ನನಗೆ ಸಂಬಂಧವಿಲ್ಲ, ಆ ಹುಡುಗಿಗೆ ನಿದ್ದೆ ಬಂದಿರಬಹುದು ಎಂದೆಲ್ಲ ಯೋಚಿಸುತ್ತಿರುವಾಗಲೇ ನನ್ನ ಕಾಲುಗಳು ಆಟೋದಿಂದ ಇಳಿದಿದ್ದವು.

ಆ ಹೆಂಗಸು ನಾಲ್ಕಾರು ಸಲ ತಿಕ್ಕಿದ್ದಳೋ ಏನೋ, ಹೋಗಿ ಅವಳ ಮಣಿಕಟ್ಟು ಹಿಡಿದೆ.

"ಯಾರ್ರೀ ನೀವು? ಕೈ ಬಿಡ್ರೀ" ಎಂದಳು.

ಹುಡುಗಿಯನ್ನು, ಎಲ್ಲಿ ನೋವು, ಯಾವಾಗಿನಿಂದ ಎಂದು ಕೇಳಿದೆ. ಹುಡುಗಿ ತಲೆಯೆತ್ತಿ ಮೊದಲು ಸಾರ್ ಅವರತ್ತ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು.

"ನಿನ್ನೆ ಆಂಟಿ. ಓಡೋವಾಗ ಟಪ್ ಅಂತು. ಸಾರ್‌ಗೆ ಹೇಳ್ದೆ. ಅಮ್ಮಂಗೆ ಹೇಳಿರ್ಲಿಲ್ಲ."

ಸಾರ್ ಬಂದರು. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ಕತ್ತಿನಲ್ಲಿ ಈಗ ಮೂರು ವಾಚುಗಳಿದ್ದವು. ನನ್ನ ಗುರುತು ಹಿಡಿಯಲು ಅವರಿಗೆ ತುಸು ಹೊತ್ತು ಬೇಕಾಯಿತು. ಹಿಡಿದ ಮೇಲೆ ಅವರು ಮಾತಾಡಿದ್ದು ನನ್ನ ಜೊತೆಯಲ್ಲ, ಆ ಹೆಂಗಸಿನ ಜೊತೆ.

"ಇವ್ರ ಮಗಳು ಅರ್ಧಕ್ಕೆ ಬಿಟ್ಟೋಯ್ತು ಅಮ್ಮಾ. ಹೊಟ್ಟೆಕಿಚ್ಚು. ನೀವು ತಿಕ್ಕಿ."

ಭಾಷಣ ಎಲ್ಲ ಮರೆತುಹೋಗಿತ್ತು. ಸೀರೆಗೆ ಎಣ್ಣೆಯಾಗುತ್ತಿದೆ ಎಂಬ ಚಿಂತೆ ಆಗಲೂ ಒಂದು ಮೂಲೆಯಲ್ಲಿತ್ತು. "ತಿಕ್ಬೇಡಿ. ನಾನು ತಿಕ್ಕಿ ನನ್ ಮಗಳ ಕಾಲು ಕೆಡಿಸ್ದೆ" ಎಂದೆ. ಆ ಮಾತನ್ನು ಹಾಗೆ, ನನ್ನ ಹೆಸರಿಗೇ ಹಚ್ಚಿ, ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಹೆಂಗಸು ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಕೈಯನ್ನು ನನ್ನ ಹಿಡಿತದಿಂದ ಬಿಡಿಸಿಕೊಂಡಳು. ಬಿಡಿಸಿಕೊಂಡು ಮಗಳ ತೋಳಿನ ಕೆಳಗೆ ಹಾಕಿ ಅವಳನ್ನು ಎಬ್ಬಿಸಿದಳು. ಸಾರ್ ನಮ್ಮ ಕಡೆ ಬೆನ್ನು ಮಾಡಿ ಉಳಿದವರಿಗೆ ಎಣಿಸತೊಡಗಿದರು. ಆ ಬೆನ್ನನ್ನೂ ಅದರ ಮೇಲೆ ಬರೆದ ದೇಶದ ಹೆಸರನ್ನೂ ಮತ್ತೆ ನಾನು ನೋಡಿಲ್ಲ.

ಶ್ರುತಿಗೆ ಫೋನ್ ಮಾಡಿದೆ. ಭಾನುವಾರವಾದರೂ ಬರಲು ಹೇಳಿದಳು. ಆಟೋದಲ್ಲಿ ಹುಡುಗಿಯ ಕಾಲನ್ನು ಸೀಟಿನ ಮೇಲೆ ಚಾಚಿಸಿ, ನಾವಿಬ್ಬರು ಹೇಗೋ ಮುದುರಿ ಕೂತೆವು. ವಿಜಯನಗರದವರೆಗೆ ಆ ಹೆಂಗಸು ಅಂಗೈಗಳನ್ನು ದುಪಟ್ಟಾಗೆ ಒರೆಸಿಕೊಳ್ಳುತ್ತಲೇ ಇದ್ದಳು. ಇಳಿಯುವ ಹೊತ್ತಿಗೆ, ಮಗಳಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಂದಳು.

"ಈಗ ನಾನ್ ತಿಕ್ಕಿದ್ದಕ್ಕೆ ಜಾಸ್ತಿ ಆಗಿರಲ್ಲ ಅಲ್ವಾ?"

"ಇಲ್ಲ, ಏನೂ ಆಗಿರಲ್ಲ" ಎಂದೆ. ನನಗೇನು ಗೊತ್ತು. ಆದರೂ ತಡವರಿಸದೆ, ಅವಳ ಮುಖ ನೋಡಿಯೇ ಹೇಳಿದೆ.